ಲಾಸಿಕ್, ಸ್ಮೈಲ್, ಪಿಆರ್‌ಕೆ: ರೇಷ್ಮೆ ಬೇಸಿನ್ ಮುಂದೆ ಕೂರುವ ನಾನು ಆರಿಸಿಕೊಂಡಿದ್ದು

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ನನ್ನ ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆ ಪವರ್ ಇತ್ತು. ಕನ್ನಡಕ ತೆಗೆದರೆ ಒಂದು ಗೇಣಿನಾಚೆ ಎಲ್ಲವೂ ಮಸುಕು. ಹಾಕಿಕೊಂಡರೆ ಬೇಸಿನ್ನಿನ, ಅಂದರೆ ಗೂಡು ಹಾಕಿ ಎಳೆ ಬಿಚ್ಚುವ ಬಿಸಿನೀರಿನ ತೊಟ್ಟಿಯ, ಹಬೆಗೆ ಗಾಜು ಮಬ್ಬಾಗುತ್ತಿತ್ತು. ಒರೆಸೋಣ ಅಂದರೆ ಕೈ ಒದ್ದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಗೂಡು ಬೆಂದ ನೀರಿನ ಪಕ್ಕ ಕೂರುವುದಂತೂ ಸೋಂಕನ್ನು ಕರೆದ ಹಾಗೆ.

ಕಣ್ಣಿನ ಪವರ್ ತೆಗೆಯುವ ಲೇಸರ್ ಆಪರೇಷನ್ ಬಗ್ಗೆ ಬೆಂಗಳೂರಿನಲ್ಲಿ ವಿಚಾರಿಸಿದೆ. ಅದರಲ್ಲಿ ಲಾಸಿಕ್, ಸ್ಮೈಲ್, ಪಿಆರ್‌ಕೆ ಅಂತ ಮೂರು ವಿಧಾನ ಹೇಳಿದರು. ಎಲ್ಲ ಕಡೆ ಮೊದಲು ಬರುವ ಮಾತು ಮೆಷಿನ್ನಿನದು, ಆಮೇಲೆ ಪ್ಯಾಕೇಜಿನದು. ಮೂರೂ ವಿಧಾನದಲ್ಲಿ ಮಾಡುವ ಕೆಲಸ ಒಂದೇ: ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ನಡುಭಾಗವನ್ನು ತೆಳುವಾಗಿಸಿ ಅದರ ಉಬ್ಬು ಇಳಿಸುವುದು. ಒಳಗೆ ಹೋಗುವ ದಾರಿ ಮಾತ್ರ ಬೇರೆ. ಲಾಸಿಕ್‌ನಲ್ಲಿ ಮೇಲಿನ ಪದರವನ್ನು ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗೆ ಲೇಸರ್ ಬಿಟ್ಟು, ಮತ್ತೆ ಮುಚ್ಚುತ್ತಾರೆ. ಮರುದಿನವೇ ಕಾಣಿಸುತ್ತದೆ. ಸ್ಮೈಲ್‌ನಲ್ಲಿ ಕಾರ್ನಿಯಾದ ಒಳಗೇ ಒಂದು ತೆಳು ಬಿಲ್ಲೆ ಕೊರೆದು, 2ರಿಂದ 4 ಮಿಲಿಮೀಟರ್ ಸೀಳಿನಿಂದ ಹೊರಗೆ ಎಳೆಯುತ್ತಾರೆ. ಕತ್ತರಿಸುವ ನರ ಕಡಿಮೆ, ಹಾಗಾಗಿ ಕಣ್ಣು ಒಣಗುವುದೂ ಕಡಿಮೆ. ದುಡ್ಡು ಮಾತ್ರ ನಾನು ಕೇಳಿದ ಕಡೆಯೆಲ್ಲ ಇದಕ್ಕೇ ಜಾಸ್ತಿ. ಪಿಆರ್‌ಕೆ ಹಳೆಯ ವಿಧಾನ. ಮೇಲಿನ ಚರ್ಮದಂಥ ಪದರ ಸವರಿ ತೆಗೆದು ನೇರವಾಗಿ ಲೇಸರ್ ಬಿಡುತ್ತಾರೆ. ಆ ಪದರ ತಾನೇ ಬೆಳೆದುಕೊಳ್ಳುತ್ತದೆ.

ಕೊನೆಗೆ ತೀರ್ಮಾನ ಮಾಡಿದ್ದು ನನ್ನ ರಿಪೋರ್ಟು. ಕಾರ್ನಿಯಾ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಆಸುಪಾಸು ಇರುತ್ತದೆ. ನನ್ನದು 488. ಡಾಕ್ಟರು ಅದೇ ಹಾಳೆಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಒಂದು ಪವರ್‌ಗೆ ಸುಮಾರು 14 ಮೈಕ್ರಾನ್ ಸವೆಸಬೇಕು, ನನಗೆ 63. ಲಾಸಿಕ್ ಆದರೆ ಮಗುಚುವ ಪದರಕ್ಕೇ ಇನ್ನೊಂದು 110 ಹೋಗುತ್ತದೆ. ಅದರ ಕೆಳಗೆ ಉಳಿಯುವುದು 315. ಕನಿಷ್ಠ 250 ಇರಲೇಬೇಕು, 300 ದಾಟಿದರೆ ಒಳ್ಳೆಯದು. "ಲೆಕ್ಕಕ್ಕೆ ಸರಿ ಹೋಗುತ್ತೆ. ಆದರೆ ತೆಳು ಕಾರ್ನಿಯಾ, ಜೊತೆಗೆ ನಿಮ್ಮ ಕೆಲಸದಲ್ಲಿ ಕಣ್ಣು ಉಜ್ಜಿಕೊಳ್ಳೋದು ಜಾಸ್ತಿ, ಅಲ್ವಾ?" ಅಂದರು. ಮಗುಚಿದ ಪದರ ಪೂರ್ತಿ ಗಟ್ಟಿಯಾಗಿ ಕೂಡುವುದಿಲ್ಲ, ಪೆಟ್ಟು ಬಿದ್ದರೆ ಸರಿಯಬಹುದು. ಪಿಆರ್‌ಕೆಯಲ್ಲಿ ಹಾಗೆ ಮಗುಚುವ ಪದರವೇ ಇಲ್ಲ. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಟೇಬಲ್ ಮೇಲೆ ನೋವಿಲ್ಲ. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗೆ ಕ್ಲಿಪ್ ಹಾಕುತ್ತಾರೆ. ಮಿನುಗುವ ದೀಪವನ್ನೇ ನೋಡುತ್ತಿರಬೇಕು. ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಹೆದರಬೇಡಿ. ಕೊನೆಗೆ ಗಾಯ ಮುಚ್ಚಿಡುವ ಬ್ಯಾಂಡೇಜ್ ಲೆನ್ಸ್ ಇಡುತ್ತಾರೆ. ಕಷ್ಟ ಇರುವುದು ಆಮೇಲೆ. ಮೊದಲ ಮೂರು ದಿನ ಕಣ್ಣಿಗೆ ಖಾರದ ಪುಡಿ ಬಿದ್ದಂಥ ಉರಿ, ಬುಳುಬುಳು ನೀರು. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ ಮಲಗಿದ್ದೆ. ಹನಿ ಹಾಕುವ ಹೊತ್ತು ತಪ್ಪದಂತೆ ಅಮ್ಮ ನೋಡಿಕೊಂಡರು. ಲೆನ್ಸ್ ತೆಗೆದ ಮೇಲೂ ನೋಟ ಒಮ್ಮೆಗೇ ತಿಳಿಯಾಗಲಿಲ್ಲ, ವಾರಗಳೇ ಹಿಡಿದವು. ಬೇಗ ಕೆಲಸಕ್ಕೆ ಮರಳಲೇಬೇಕಾದವರು ಇದನ್ನು ಮೊದಲೇ ಯೋಚಿಸಬೇಕು. ನಾನು ಡಾಕ್ಟರು ಒಪ್ಪುವವರೆಗೂ ಬೇಸಿನ್ ಹತ್ತಿರ ಸುಳಿಯಲಿಲ್ಲ, ಗೂಡಿನ ಮಾರುಕಟ್ಟೆಗೂ ತಂಪು ಕನ್ನಡಕವಿಲ್ಲದೆ ಹೋಗಲಿಲ್ಲ. ಬಿಸಿಲು ಜಾಸ್ತಿ ತಗುಲಿದರೆ ಕಾರ್ನಿಯಾ ಮಬ್ಬುಗಟ್ಟುವ ಭಯ ಇರುತ್ತದೆ.

ಈಗ ಹಬೆಯ ನಡುವೆಯೂ ಎಳೆ ಸ್ಪಷ್ಟವಾಗಿ ಕಾಣುತ್ತದೆ. ಹಾಗಂತ ಕಣ್ಣಿನ ಡಾಕ್ಟರನ್ನು ಬಿಟ್ಟಿಲ್ಲ. ಲೇಸರ್ ತೆಗೆಯುವುದು ಪವರನ್ನು ಮಾತ್ರ. ಮೈನಸ್ ಕಣ್ಣಿನ ಗುಡ್ಡೆ ಉದ್ದವಾಗಿಯೇ ಉಳಿದಿರುತ್ತದೆ, ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಹರಿಯುವ ಅಪಾಯವೂ ಹಾಗೇ ಇರುತ್ತದೆ. ವರ್ಷಕ್ಕೊಮ್ಮೆ ರೆಟಿನಾ ತೋರಿಸಿಕೊಂಡು ಬರುತ್ತೇನೆ. ಅಕ್ಕನ ಮಗನಿಗೂ ಲೇಸರ್ ಆಸೆ. ಅವನ ಪವರ್ ಇನ್ನೂ ಏರುತ್ತಿದೆ. ಒಂದು ವರ್ಷವಾದರೂ ಅದು ನಿಂತಲ್ಲೇ ನಿಲ್ಲಲಿ, ಆಮೇಲೆ ಟೆಸ್ಟಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ.