ಬಳ್ಳಾರಿ ಬಿಸಿಲಿಗೆ ಎಂಟು ಕಳಿಯ ಟೋಪಿ

ಬಳ್ಳಾರಿಯಲ್ಲಿ ಟೋಪಿ ಹೊಲಿಯುತ್ತೇನೆ ಅಂದರೆ ಎಲ್ಲರ ಕೈ ಮೊದಲು ಹೋಗುವುದು ಜೀನ್ಸ್ ಬಟ್ಟೆಗೇ. ಊರ ತುಂಬ ಜೀನ್ಸ್ ಹೊಲಿಗೆ, ಕಟಿಂಗ್‌ನಲ್ಲಿ ಉಳಿದ ತುಂಡಿಗೆ ಬರವಿಲ್ಲ. ಎಂಟು ಕಳಿ (ಮೊನಚು ತುದಿಯ ಬಟ್ಟೆ ತುಂಡು) ಸೇರಿಸಿ ಹೊಲಿಯುವ ನ್ಯೂಸ್‌ಬಾಯ್ ಕ್ಯಾಪ್ ಕೆಡುವುದೂ ಅಲ್ಲೇ. ಪ್ಯಾಂಟಿನ ಡೆನಿಮ್ ಚದರ ಗಜಕ್ಕೆ 12ರಿಂದ 14 ಔನ್ಸ್ ತೂಗುತ್ತದೆ. ಈ ಟೋಪಿಯ ನೆತ್ತಿಯಲ್ಲಿ ಎಂಟು ಕಳಿಗಳ ಮೊನೆ ಒಂದೇ ಕಡೆ ಸೇರುತ್ತದೆ. ಒಂದೊಂದು ಹೊಲಿಗೆಯ ಎರಡೂ ಅಂಚು ಬಿಡಿಸಿ ಇಸ್ತ್ರಿ ಮಾಡಿದರೆ ಒಳಗೆ ಹದಿನಾರು ಅಂಚು ಒಂದರ ಮೇಲೊಂದು ಕೂರುತ್ತವೆ. ಅಷ್ಟು ದಪ್ಪಕ್ಕೆ ಸೂಜಿ ಮುರಿಯುತ್ತದೆ. ಮುರಿಯದಿದ್ದರೂ ನೆತ್ತಿಯಲ್ಲಿ ಅಡಿಕೆಯಷ್ಟು ಗಂಟು ನಿಂತು ತಲೆಗೆ ಒತ್ತುತ್ತದೆ.

ನಾನು ಬಳಸುವುದು 6 ಔನ್ಸಿನ ಬಟ್ಟೆ, ಅಂದರೆ ಚದರ ಮೀಟರಿಗೆ ಸುಮಾರು 200 ಗ್ರಾಂ. ಶರ್ಟ್ ಡೆನಿಮ್, ಶಾಂಬ್ರೆ, ತೆಳು ಕಾಟನ್ ಡ್ರಿಲ್, ಲಿನನ್ ಯಾವುದಾದರೂ ಆದೀತು. ಖಾದಿ ತಂಪು, ಆದರೆ ನೇಯ್ಗೆ ಸಡಿಲ. ಒಳಗೆ ತೆಳುವಾದ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಕೊಡದಿದ್ದರೆ ನಾಲ್ಕು ಸಲ ತೊಡುವಷ್ಟರಲ್ಲಿ ಬುಡ ಜಗ್ಗಿ ಟೋಪಿ ಕಿವಿಗೆ ಇಳಿಯುತ್ತದೆ. 58 ಇಂಚು ಪನ್ನದ (ಅಗಲದ) ಬಟ್ಟೆ ಅರ್ಧ ಮೀಟರ್ ಸಾಕು, ಹಣೆಯ ಮುಂದೆ ಚಾಚುವ ಮಡಲಿಗೂ ಅದರಲ್ಲೇ ಆಗುತ್ತದೆ.

ಎರಡು ಜಾತಿಯ ಟೋಪಿಗಳನ್ನು ಅಂಗಡಿಯವರು ಒಂದೇ ಹೆಸರಿನಲ್ಲಿ ಮಾರುತ್ತಾರೆ, ಬಹಳ ಕಡೆ ‘ಗಾಲ್ಫ್ ಟೋಪಿ’ ಅಂತ. ಫ್ಲಾಟ್ ಕ್ಯಾಪ್‌ನಲ್ಲಿ ಹಿಂದಿನಿಂದ ಮುಂದಕ್ಕೆ ಒಂದೇ ಹಾಳೆ, ಪಕ್ಕಕ್ಕೆ ಎರಡು ತುಂಡು. ಮುಂಭಾಗವನ್ನು ಮಡಲಿಗೆ ಹೊಲಿದಿರುತ್ತಾರೆ ಅಥವಾ ಟಿಚ್ ಗುಂಡಿಯಿಂದ ಕಚ್ಚಿಸಿರುತ್ತಾರೆ. ನ್ಯೂಸ್‌ಬಾಯ್ ಕ್ಯಾಪಿನದು ಎಂಟು ಕಳಿ, ನೆತ್ತಿಯಲ್ಲಿ ಬಟ್ಟೆ ಸುತ್ತಿದ ಗುಂಡಿ, ಸುತ್ತಲೂ ಉಬ್ಬು. ಎರಡೂ ಚಳಿ ನಾಡಿನ ಕೂಸುಗಳು. ಇಂಗ್ಲೆಂಡಿನಲ್ಲಿ 1571ರಲ್ಲಿ ಒಂದು ಕಾಯ್ದೆಯೇ ಬಂದಿತ್ತು: ಆರು ವರ್ಷ ದಾಟಿದ ಸಾಮಾನ್ಯ ಗಂಡಸರು ಭಾನುವಾರ ಮತ್ತು ಹಬ್ಬದ ದಿನ ಅಲ್ಲೇ ತಯಾರಾದ ಉಣ್ಣೆ ಟೋಪಿ ತೊಡಲೇಬೇಕು. ಉಣ್ಣೆ ಕಸುಬು ಉಳಿಸಲು ಮಾಡಿದ್ದು, 1597ರಲ್ಲಿ ರದ್ದಾಯಿತು. ಸರಕಾರವೇ ಜನರಿಗೆ ಟೋಪಿ ಹಾಕಿತು ಅನ್ನುವ ಮಾತು ಅಲ್ಲಿ ಅಕ್ಷರಶಃ ನಿಜ. ಆ ಟೋಪಿಗಳ ಟ್ವೀಡು ಅನ್ನುವ ಒರಟು ಉಣ್ಣೆ ಬಟ್ಟೆ, ಅದರೊಳಗಿನ ನುಣುಪು ಸ್ಯಾಟಿನ್ ಅಸ್ತರು ಅಲ್ಲಿಯ ಮಳೆ-ಥಂಡಿಗೆ ಸರಿ. ನಲವತ್ತು ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನ ಬೇಸಿಗೆಗೆ ಆಕಾರವನ್ನಷ್ಟೇ ಎರವಲು ತಂದರೆ ಸಾಕು.

ಇನ್ನು ಅಳತೆ. ಟೇಪನ್ನು ಹುಬ್ಬಿನಿಂದ ಒಂದು ಬೆರಳು ಮೇಲೆ, ಕಿವಿಯ ಮೇಲಿನಿಂದ, ಹಿಂದಲೆಯ ಉಬ್ಬಿನ ಮೇಲೆ ಹಾಯಿಸಬೇಕು. ಮೂರು ಸಲ ಅಳೆದು ದೊಡ್ಡದನ್ನು ಇಟ್ಟುಕೊಳ್ಳುತ್ತೇನೆ. ಕ್ಷೌರ ಆದ ಮಾರನೇ ದಿನ ಅಳೆದರೆ ಕೂದಲು ಬೆಳೆದಾಗ ಬಿಗಿಯಾಗುತ್ತದೆ, ಅದಕ್ಕೇ 1 ಸೆಂ.ಮೀ. ಸಡಿಲ ಸೇರಿಸುವುದು. ಸಿದ್ಧ ಟೋಪಿ ಕೊಳ್ಳುವವರು ಒಳಗಿನ ಚೀಟಿಯಲ್ಲಿ ಸೆಂಟಿಮೀಟರ್ ನೋಡಲಿ. ಸಾಮಾನ್ಯವಾಗಿ 57 ಅಂದರೆ ಮೀಡಿಯಂ, 59 ಅಂದರೆ ಲಾರ್ಜ್. ‘ಫ್ರೀ ಸೈಜ್’ ಅಂತ ಹಿಂದೆ ಎಲಾಸ್ಟಿಕ್ ಇಟ್ಟದ್ದನ್ನು ನಾನು ಮುಟ್ಟುವುದಿಲ್ಲ. ಹೊಸತರಲ್ಲಿ ಹಣೆಗೆ ಕೆಂಪು ಬರೆ, ಬೆವರು ಕುಡಿದ ಮೇಲೆ ಸಡಿಲ.

58 ಸೆಂ.ಮೀ. ತಲೆಗೆ ಲೆಕ್ಕ ಹೀಗೆ: ಸಡಿಲ ಸೇರಿ 59, ಅದನ್ನು ಎಂಟರಿಂದ ಭಾಗಿಸಿದರೆ ಒಂದು ಕಳಿಯ ಬುಡ 7.4 ಸೆಂ.ಮೀ. ಬುಡದಿಂದ 5 ಸೆಂ.ಮೀ. ಮೇಲೆ ಅತಿ ಅಗಲ, ಅಲ್ಲಿ 11.5. ಎತ್ತರ 18. ಇದಕ್ಕೆ ಸುತ್ತಲೂ 7 ಮಿ.ಮೀ. ಹೊಲಿಗೆ ಅಂಚು. ಉಬ್ಬು ಕಡಿಮೆ ಬೇಕಿದ್ದರೆ 11.5 ಇದ್ದದ್ದನ್ನು 10ಕ್ಕೆ ಇಳಿಸಿ, ಬುಡವನ್ನು ಮಾತ್ರ ಮುಟ್ಟಬೇಡಿ. ಘಾಗ್ರಾ ಕಳಿ ಹೊಲಿದ ಕೈಗೆ ಇದು ಸಲೀಸು ಅನ್ನಿಸುತ್ತದೆ. ಆದರೆ ಘಾಗ್ರಾದಲ್ಲಿ ಒಂದು ಮಿಲಿಮೀಟರ್ ಹೋದರೆ ಯಾರಿಗೂ ಗೊತ್ತಾಗದು. ಇಲ್ಲಿ ಪ್ರತಿ ಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದು ಮಿ.ಮೀ. ಒಳಗೆ ಹೋದರೆ ಎಂಟಕ್ಕೆ 16 ಮಿ.ಮೀ. ಆಯಿತು, 58ರ ಟೋಪಿ 57ರ ತಲೆಗೂ ಬಿಗಿ. ಆದ್ದರಿಂದ ಗಟ್ಟಿ ರಟ್ಟಿನ ಮಾದರಿ ಕತ್ತರಿಸಿ, ಹೊಲಿಗೆ ಗೆರೆಯನ್ನೇ ಸೀಮೆಸುಣ್ಣದಲ್ಲಿ ಎಳೆದು, ಆ ಗೆರೆಯ ಮೇಲೇ ಹೊಲಿಯಬೇಕು. ಯಂತ್ರದ ಕಾಲೊತ್ತಿನ (ಬಟ್ಟೆ ಒತ್ತಿ ಹಿಡಿಯುವ ಪಾದದ) ಅಂಚನ್ನು ನಂಬಿ ಹೊಲಿಯಬಾರದು.

ಕತ್ತರಿಸುವ ಮುಂಚೆ ಬಟ್ಟೆ ಒಗೆಯುವುದನ್ನು ಬಿಡಲೇಬಾರದು. ಪ್ಯಾಂಟನ್ನಾದರೆ ಹೊಲಿದ ಮೇಲೆ ವಾಷಿಂಗ್‌ಗೆ ಕಳಿಸುತ್ತಾರೆ. ಮಡಲು ಕೂಡಿಸಿದ ಟೋಪಿಯನ್ನು ಆ ಯಂತ್ರಕ್ಕೆ ಹಾಕುವಂತಿಲ್ಲ. ನೂರಕ್ಕೆ ಮೂರರಷ್ಟು ಕುಗ್ಗಿದರೂ 59ರಲ್ಲಿ ಸುಮಾರು 1.8 ಸೆಂ.ಮೀ. ಮಾಯ.

ಹೊಲಿಗೆ ಕ್ರಮ: ಎರಡೆರಡು ಕಳಿ ಸೇರಿಸಿ ನಾಲ್ಕು ಜೋಡಿ, ಜೋಡಿಗಳನ್ನು ಸೇರಿಸಿ ಎರಡು ಅರ್ಧ, ಕೊನೆಗೆ ಒಂದು ಬುಡದಿಂದ ನೆತ್ತಿ ದಾಟಿ ಇನ್ನೊಂದು ಬುಡದವರೆಗೆ ಒಂದೇ ಓಟದ ಹೊಲಿಗೆ. 14 ನಂಬರ್ ಸೂಜಿ, 2.5 ಮಿ.ಮೀ. ಟಾಕು. ಪ್ರತಿ ಹೊಲಿಗೆಯನ್ನು ಮುಂದಿನದಕ್ಕೆ ಹೋಗುವ ಮೊದಲೇ ಬಿಡಿಸಿ ಇಸ್ತ್ರಿ ಮಾಡಬೇಕು. ಇಸ್ತ್ರಿಗೆ ಬೇಕಾದ ತಲೆಯಾಕಾರದ ಮರದ ಅಚ್ಚು ಯಾರ ಮನೆಯಲ್ಲಿದೆ? ಸುಮಾರು 18 ಸೆಂ.ಮೀ. ಅಡ್ಡಳತೆಯ ಸ್ಟೀಲ್ ಬೋಗುಣಿ ಬೋರಲು ಹಾಕಿ, ಮೇಲೊಂದು ದಪ್ಪ ಟವೆಲ್ ಹೊದಿಸಿದರೆ ಅದೇ ಅಚ್ಚು. ತಲೆ ಮೊಟ್ಟೆಯಾಕಾರ, ಬೋಗುಣಿ ದುಂಡು. ಹಿಂದೆ-ಮುಂದೆ ಟವೆಲ್ಲಿನ ಒಂದು ಮಡಿಕೆ ಹೆಚ್ಚಿಗೆ ಇಟ್ಟು ಸರಿದೂಗಿಸುತ್ತೇನೆ. ನೆತ್ತಿಯ ಮೊನೆಗಳು 2-3 ಮಿ.ಮೀ. ತಪ್ಪಿದ್ದರೆ ಚಿಂತೆಯಿಲ್ಲ, 2 ಸೆಂ.ಮೀ. ಗುಂಡಿ ಮುಚ್ಚಿಕೊಳ್ಳುತ್ತದೆ.

ಮಡಲಿಗೆ 1.5 ಮಿ.ಮೀ. ಪ್ಲಾಸ್ಟಿಕ್ ಹಾಳೆ. ರಟ್ಟು ಹಾಕಿದರೆ ಮೊದಲ ಬೆವರಿಗೇ ಹಪ್ಪಳದ ಹಾಗೆ ಸುರುಳುತ್ತದೆ. ನ್ಯೂಸ್‌ಬಾಯ್‌ಗೆ ನಡುವೆ 5.5 ಸೆಂ.ಮೀ. ಆಳ, ಫ್ಲಾಟ್ ಕ್ಯಾಪ್‌ಗೆ 4.5 ಸಾಕು. ಒಂದು ಹೊಲಿಗೆ ಸರಿಯಾಗಿ ಮೂಗಿನ ನೇರಕ್ಕೆ ಬರುವಂತೆ ಮಡಲಿನ ನಡುಗುರುತನ್ನು ಅದಕ್ಕೆ ಜೋಡಿಸಬೇಕು. ಅರ್ಧ ಸೆಂಟಿಮೀಟರ್ ಸರಿದರೂ ಟೋಪಿ ಸದಾ ಪಕ್ಕದ ಮನೆ ನೋಡುತ್ತಿರುತ್ತದೆ, ಆಮೇಲೆ ಎಷ್ಟು ತಿರುವಿದರೂ ಸರಿಹೋಗದು.

ಅಸ್ತರಿಗೆ ತೆಳು ಮಲ್ ಬಟ್ಟೆ. ಪಾಲಿಯೆಸ್ಟರ್ ಬೆವರು ಹೀರದು, ಅದು ಕೊನೆಗೆ ಕಣ್ಣಿಗೇ ಇಳಿಯುತ್ತದೆ. ಬೆವರುಪಟ್ಟಿಗೆ ಬಣ್ಣ ಹಾಕದ ಕಾಟನ್ ಡ್ರಿಲ್, ಸಿದ್ಧವಾದಾಗ 3 ಸೆಂ.ಮೀ. ಅಗಲ. ಡೆನಿಮ್ಮಿನ ಪಟ್ಟಿ ಇಟ್ಟರೆ ಇಂಡಿಗೊ ಹಣೆಗೆ ಹತ್ತುತ್ತದೆ. ಉಪ್ಪು, ವಿನೆಗರ್ ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವವರು ಬಹಳ. ಇಂಡಿಗೊ ನೂಲಿನ ಮೇಲ್ಮೈಗಷ್ಟೇ ಅಂಟಿದ ಬಣ್ಣ, ಉಪ್ಪಿಗೆ ಅದು ಬಗ್ಗದು. ನೀರು ತಿಳಿಯಾಗುವವರೆಗೆ ಒಗೆಯುವುದೇ ದಾರಿ.

ತೊಡುವಾಗ ಮಡಲಿನ ಬುಡ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ಹಿಂದೆ ಹಿಂದಲೆಯ ಉಬ್ಬನ್ನು ಹಿಡಿದು ಕೂರಬೇಕು, ಕಿವಿಯ ತುದಿ ಮುಟ್ಟಬಾರದು. ನೇರ ಕೂರಿಸಿದ ಮೇಲೆ ಒಂದು ಬದಿಗೆ ಒಂದೆರಡು ಸೆಂ.ಮೀ. ವಾಲಿಸಿದರೆ ಮುಖಕ್ಕೆ ಕಳೆ. ದುಂಡು ಮುಖ, ದೊಡ್ಡ ತಲೆಗೆ ಎಂಟು ಕಳಿ ಒಪ್ಪುತ್ತದೆ. ಉದ್ದ ಮುಖಕ್ಕೆ ತಗ್ಗಾದ ಫ್ಲಾಟ್ ಕ್ಯಾಪ್. ಸಣ್ಣ ಮುಖದ ಮೇಲೆ 11.5ರ ಕಳಿ ಇಟ್ಟರೆ ನಾಯಿಕೊಡೆ. ಆಷಾಢದ ಗಾಳಿಯಲ್ಲಿ, ಕುಷ್ಟಗಿ ಕಡೆಯ ಬಯಲಿನಲ್ಲಂತೂ, ಉಬ್ಬಿನ ಟೋಪಿಗೆ ಗಾಳಿ ತುಂಬಿ ಹಾರುತ್ತದೆ, ಅಲ್ಲಿ ಫ್ಲಾಟ್ ಕ್ಯಾಪೇ ಸರಿ. ಸಡಿಲವಿದ್ದರೆ ಬೆವರುಪಟ್ಟಿಯ ಹಿಂದೆ, ಹಣೆಯ ಕಡೆ, 3 ಮಿ.ಮೀ. ಫೋಮಿನ ಪಟ್ಟಿ ತುರುಕಬಹುದು. ಹೆಲ್ಮೆಟ್ಟಿನೊಳಗೆ ಎರಡೂ ಟೋಪಿ ಬೇಡ, ಗುಂಡಿ ನೆತ್ತಿಗೆ ಚುಚ್ಚುತ್ತದೆ, ಹೆಲ್ಮೆಟ್ಟೂ ಸರಿಯಾಗಿ ಕೂರದು. ಹೊಲದಲ್ಲಿ ಇಡೀ ದಿನ ನಿಲ್ಲುವವರಿಗೆ ಇವು ಶೋಕಿಯಷ್ಟೇ: ಕಿವಿ, ಕತ್ತು ಎರಡೂ ಬಿಸಿಲಿಗೆ ಬಿಟ್ಟದ್ದು. ಅಲ್ಲಿ ರುಮಾಲನ್ನು ಮೀರಿಸಿದ್ದಿಲ್ಲ.

ಸಂಡೂರಿನ ಕಡೆ ಓಡಾಡುವವರ ಟೋಪಿಗೆ ಕೆಂಪು ಅದಿರು ಧೂಳು ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ನೂಲಿನೊಳಗೆ ಇಳಿಯಿತೆಂದೇ ತಿಳಿಯಿರಿ. ಒಣಗಿದಂತೆಯೇ ಕೊಡವಿ, ಮೆತ್ತನೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಎಳೆಯಬೇಕು. ಅದು ಕಬ್ಬಿಣದ ಆಕ್ಸೈಡ್, ಬ್ಲೀಚಿಗೆ ಜಗ್ಗದು, ಬಟ್ಟೆಯ ಬಣ್ಣ ಮಾತ್ರ ಹೋಗುತ್ತದೆ. ಬೆವರುಪಟ್ಟಿಯ ಕೊಬ್ಬರಿ ಎಣ್ಣೆ ಕಲೆಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ, ಹತ್ತು ನಿಮಿಷ ಬಿಟ್ಟು ಹಳೆ ಹಲ್ಲುಬ್ರಷ್ಷಿನಿಂದ ಉಜ್ಜಿದರೆ ಬಿಡುತ್ತದೆ. ಬಿಳಿ ಉಪ್ಪುಗೆರೆಗೆ ಬರೀ ತಣ್ಣೀರು ಸಾಕು, ಆದರೆ ಗೆರೆಯನ್ನಷ್ಟೇ ತೋಯಿಸಿದರೆ ಅದರಾಚೆ ಹೊಸ ಗೆರೆ ಮೂಡುತ್ತದೆ, ಇಡೀ ಕಳಿಯನ್ನೇ ತೋಯಿಸಬೇಕು. ಹಿಂಡುವಂತಿಲ್ಲ, ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು ಅದೇ ಬೋಗುಣಿಯ ಮೇಲೆ ನೆರಳಿಗಿಡುವುದು. ಮೊಳೆಗೆ ತಗುಲಿ ಹಾಕಿದರೆ ಒಣಗುವಷ್ಟರಲ್ಲಿ ಮೊಳೆಯ ಮೊನೆಯಷ್ಟು ಉಬ್ಬು ನಿಂತಿರುತ್ತದೆ, ಹಬೆ ಕೊಟ್ಟರೂ ಅದು ಪೂರ್ತಿ ಹೋಗದು.