ವೈರಿಂಗ್ ಕೆಲಸ ಕೊಡುವ ಮೊದಲು ಲೈಸೆನ್ಸ್ ನೋಡಿ
ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸಲು ಲೈಸೆನ್ಸ್ ಬೇಕಿಲ್ಲ. ಆದರೆ ಹೊಸ ವೈರಿಂಗ್ ಅನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರೇ ಮಾಡಬೇಕು. ಕರ್ನಾಟಕದಲ್ಲಿ ಈ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಬೆಸ್ಕಾಂ, ಹೆಸ್ಕಾಂ ಅಲ್ಲ. ವೈರಿಂಗ್ ಮಾಡುವ ಕೆಲಸಗಾರನಿಗೆ ಕೊಡುವ ವೈರ್‌ಮನ್ ಪರ್ಮಿಟ್ ಬೇರೆ, ಕೆಲಸ ವಹಿಸಿಕೊಳ್ಳುವವರ ಕಂಟ್ರಾಕ್ಟರ್ ಲೈಸೆನ್ಸ್ ಬೇರೆ, ಇದನ್ನು ಸುಮಾರು ಜನ ಒಂದೇ ಅಂದುಕೊಂಡಿದ್ದಾರೆ.

ನಾನು ಮಾಡಿದ ತಪ್ಪು ಏನೆಂದರೆ, ಕಂಟ್ರಾಕ್ಟರ್‌ನ ಲೈಸೆನ್ಸ್ ಕಾರ್ಡ್ ನೋಡಿದೆ, ಅದರ ಅವಧಿ ಮುಗಿದಿದ್ದನ್ನು ನೋಡಲಿಲ್ಲ. ಮೀಟರ್‌ಗೆ ಅರ್ಜಿ ಹಾಕುವಾಗ ವೈರಿಂಗ್ ಮುಗಿದಿದೆ ಅಂತ ಅವರು ಕೊಟ್ಟ ಕಂಪ್ಲೀಷನ್ ರಿಪೋರ್ಟ್ ವಾಪಸ್ ಬಂತು, ಬೇರೆಯವರನ್ನು ಹುಡುಕಿ ಎಲ್ಲ ಮತ್ತೆ ಪರೀಕ್ಷೆ ಮಾಡಿಸಬೇಕಾಯಿತು. ಸುಮ್ನೆ ದಂಡ!

ದುಡ್ಡಿನ ವಿಷಯ. ಸಾಮಾನ್ಯವಾಗಿ ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಒಂದೊಂದು ಲೈಟು, ಫ್ಯಾನು, ಪ್ಲಗ್ಗಿಗೆ ಇಷ್ಟು ಅಂತ ಕೂಲಿ ಹೇಳುತ್ತಾರೆ. ಗೋಡೆ ಕೊರೆಯುವುದು, ಪೈಪು, ಡಿಬಿ ಬಾಕ್ಸ್ (ಮನೆಯ ಎಂಸಿಬಿ ಸ್ವಿಚ್ಚುಗಳಿರುವ ಪೆಟ್ಟಿಗೆ), ಅರ್ತಿಂಗ್ ಅದರಲ್ಲೇ ಸೇರಿದೆಯಾ ಅಂತ ಬರೆಸಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ ಜಾಸ್ತಿ ಆಗುವುದು ಇಲ್ಲೇ. ನೋಂದಣಿ ಇರುವವರು ಪಕ್ಕಾ ಬಿಲ್ ಕೊಟ್ಟರೆ 18% ಜಿಎಸ್‌ಟಿ ಬರುತ್ತದೆ, ಅದನ್ನೂ ಮೊದಲೇ ಕೇಳಿ. ಗೀಸರ್‌ಗೆ 4 ಚದರ ಮಿಮೀ ವೈರ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿಸಿ. ಅಲ್ಲಿ ಮಾತ್ರ ಚೌಕಾಸಿ ಬೇಡ.