ಊರಲ್ಲಿ ತೀರಿಕೊಂಡವರ ಪುಸ್ತಕ: ನಾವು ಬರೆದಿಡುವ ರೀತಿ

ಸಾಗರ ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಈಗ ಅದಕ್ಕೆ ಅರಿವು ಕೇಂದ್ರ ಅಂತಲೂ ಬೋರ್ಡ್ ಇದೆ. ಒಳಗೆ ಬಂದರೆ ಎಡಗಡೆ ಪೇಪರ್ ಸ್ಟ್ಯಾಂಡ್, ಅದರ ಪಕ್ಕದ ಮೇಜಿನ ಮೇಲೆ ಕೆಂಪು ಬೈಂಡಿನ ಒಂದು ರಿಜಿಸ್ಟರ್. ನಮ್ಮ ಹಳ್ಳಿಗಳಲ್ಲಿ ತೀರಿಕೊಂಡವರ ಬದುಕನ್ನು ಅದರಲ್ಲಿ ಬರೆದಿಡುತ್ತೇವೆ. ಒಬ್ಬೊಬ್ಬರಿಗೆ ನಾಲ್ಕು ಪುಟ.

ಶುರುವಾಗಿದ್ದು 2021ರ ಮೇ ತಿಂಗಳಲ್ಲಿ. ಕೊರೊನಾ ಕಾಲ. ಒಂದೇ ತಿಂಗಳಲ್ಲಿ ನಮ್ಮಲ್ಲಿ ನಾಲ್ಕು ಜನ ಹೋದರು. ಸಾವಿನ ಮನೆ ಜಗುಲಿಯಲ್ಲಿ ಒಂದು ಗಳಿಗೆ ಕೂತು ಬರುವುದಕ್ಕೂ ಆಗಲಿಲ್ಲ. ಹಾಗೆ ಕೂತಾಗ ತಾನೇ ಹೋದವರ ಮಾತು ಬರುವುದು? ‘ಆವತ್ತು ಹೊಳೆ ಬಂದಾಗ ಅವರು ಹಿಂಗೆ ಮಾಡಿದ್ರು’ ಅಂತ ಒಬ್ಬರು ಎತ್ತುತ್ತಾರೆ, ಇನ್ನೊಬ್ಬರು ಮುಂದುವರಿಸುತ್ತಾರೆ. ಆ ನಾಲ್ಕು ಜನರ ಬಗ್ಗೆ ಆ ಮಾತು ಯಾರೂ ಆಡಲಿಲ್ಲ. ಅದು ನನಗೆ ತುಂಬಾ ಕೊರೆಯಿತು. ಮಳೆಗಾಲ ಕಳೆದ ಮೇಲೆ ನಾಲ್ಕೂ ಮನೆಗೆ ಹೋದೆ, ನೋಟ್‌ಬುಕ್ ಹಿಡಿದುಕೊಂಡು.

ಇದು ಹೊಸ ಕೆಲಸ ಏನಲ್ಲ. ನಮ್ಮ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಅಕ್ಷರ ಸವೆದುಹೋಗಿ ಹೆಸರು ಓದಲು ಬರುವುದಿಲ್ಲ. ಮಂಡ್ಯ ಕಡೆಯ ಆತಕೂರಿನಲ್ಲಿ ಸಿಕ್ಕ ಕಲ್ಲಲ್ಲಿ ಒಂದು ಬೇಟೆನಾಯಿಯ ನೆನಪಿದೆ. ಹಂದಿಯ ಜೊತೆ ಹೋರಾಡಿ ಸತ್ತ ನಾಯಿ, ಹೆಸರು ಕಾಳಿ. ಸುಮಾರು ಕ್ರಿ.ಶ. 950ರ ಕಲ್ಲು. ಹೆಸರು ಕೆತ್ತಿದ್ದರಿಂದ ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು. ನಮ್ಮ ಏರಿ ಮೇಲಿನ ಮನುಷ್ಯನ ಹೆಸರು ಗೊತ್ತಿಲ್ಲ. ಹಾಗಾಗಿ ಪುಟದ ಮೊದಲ ಸಾಲಲ್ಲಿ ಪೂರ್ತಿ ಹೆಸರು, ಹುಟ್ಟಿದ ಊರು, ತೀರಿಕೊಂಡ ತಾರೀಕು. ಉಳಿದದ್ದೆಲ್ಲ ಆಮೇಲೆ.

ಯಾವಾಗ ಹೋಗಬೇಕು? ಮೊದಲ ದಿನಗಳಲ್ಲಿ ನೋಟ್‌ಬುಕ್ ತೆಗೆಯಲೇಬೇಡಿ. ಸುಮ್ನೆ ಹೋಗಿ ಕೂತು ಬನ್ನಿ. ಮರಣ ನೋಂದಣಿ ಆಗಿದೆಯಾ ಅಂತ ಮಾತ್ರ ಕೇಳಿ. 21 ದಿನದೊಳಗೆ ಮಾಡಿಸಬೇಕು, ದುಃಖದಲ್ಲಿ ಎಷ್ಟೋ ಮನೆಯವರಿಗೆ ಅದು ಮರೆತೇ ಹೋಗಿರುತ್ತದೆ. ಹನ್ನೊಂದು, ವೈಕುಂಠ, ಶಿವಗಣಾರಾಧನೆ, ನಲವತ್ತು, ಆಯಾ ಮನೆಯ ಪದ್ಧತಿ ಏನಿದೆಯೋ ಅದು ಮುಗಿಯಲಿ. ನೆಂಟರೆಲ್ಲ ಹೊರಟು ಮನೆ ಖಾಲಿಯಾದ ಮೇಲೆ ಒಂದು ಮಧ್ಯಾಹ್ನ ಹೋಗಿ. ಆಗ ಅವರಿಗೂ ಮಾತಾಡಲು ಯಾರಾದರೂ ಬೇಕಿರುತ್ತದೆ. ಆದರೆ ವರ್ಷಾಂತಿಕದವರೆಗೆ ಕಾಯಬೇಡಿ. ಅಷ್ಟರಲ್ಲಿ ಬಟ್ಟೆ, ಕತ್ತಿ, ಕನ್ನಡಕ ಎಲ್ಲ ಯಾರ್ಯಾರ ಪಾಲಿಗೋ ಹೋಗಿರುತ್ತವೆ. ಆ ವಸ್ತು ಕೈಯಲ್ಲಿದ್ದರೆ ಹುಟ್ಟುವ ಮಾತೇ ಬೇರೆ.

ಮನೆಯ ಯಜಮಾನರನ್ನು ಮಾತ್ರ ಕೇಳಿದರೆ ಅರ್ಧ ಕಥೆ ಸಿಗುತ್ತದೆ. ಸೊಸೆಯನ್ನು ಕೇಳಿ. ಜೊತೆಗೆ ಕೆಲಸ ಮಾಡಿದವರನ್ನು ಕೇಳಿ. ದಿನಾ ಚಹಾಕ್ಕೆ ಹೋಗುತ್ತಿದ್ದ ಅಂಗಡಿಯವರನ್ನು ಕೇಳಿ. ಕೊಟ್ಟ ಊರಿಂದ ಬಂದಿರುವ ಮಗಳು ವಾಪಸ್ ಹೋಗುವುದರೊಳಗೆ ಅವಳ ಹತ್ತಿರ ಒಂದು ತಾಸು ಕೂರಿ, ಯಾಕೆಂದರೆ ಅವಳ ನೆನಪಲ್ಲಿರುವುದು ಹಳೇ ಮನೆ.

ಏನು ಕೇಳಬೇಕು ಅನ್ನುವುದು ಇಡೀ ಕೆಲಸದ ಜೀವ. ‘ಅವರು ಹೇಗಿದ್ದರು?’ ಅಂತ ಕೇಳಿದರೆ ‘ಒಳ್ಳೆಯವರು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ’ ಅನ್ನುತ್ತಾರೆ. ನಿಜವೇ ಇರಬಹುದು, ಆದರೆ ಆ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ. ನನ್ನ ಮೊದಲ ಬರಹದಲ್ಲಿ ‘ಸರಳ ಸಜ್ಜನಿಕೆಯ ವ್ಯಕ್ತಿತ್ವ’ ಅಂತ ಬರೆದು ಓದಿ ಹೇಳಿದಾಗ ಮಗಳು ಸುಮ್ಮನೆ ತಲೆಯಾಡಿಸಿದಳು, ಅಷ್ಟೇ. ಅವಳಪ್ಪ ಅದರಲ್ಲಿ ಎಲ್ಲೂ ಇರಲಿಲ್ಲ. ಈಗ ಕೇಳುವ ಮೊದಲ ಪ್ರಶ್ನೆ, ‘ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡ್ತಿದ್ರು?’ ಎರಡನೆಯದು, ‘ಅವರಿಗೆ ಮಾತ್ರ ಬರ್ತಿದ್ದ ಕೆಲಸ ಯಾವುದು?’

ಎರಡನೇ ಪ್ರಶ್ನೆಗೆ ಒಂದು ಮನೆಯಲ್ಲಿ ಸೊಸೆ ಎದ್ದು ಒಳಗೆ ಹೋದರು. ತೀರಿಕೊಂಡ ಅತ್ತೆ ಹಸೆ ಚಿತ್ತಾರ ಬರೆಯುತ್ತಿದ್ದವರು. ನಮ್ಮ ಕಡೆ ದೀವರ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಬರೆಯುತ್ತಾರಲ್ಲ, ಅದು. ಸೊಸೆ ಒಂದು ತೆಂಗಿನ ಕರಟ ತಂದು ನನ್ನ ಮುಂದೆ ಇಟ್ಟರು. ಒಳಗೆ ಒಣಗಿ ಬಿರುಕು ಬಿಟ್ಟ ಕಪ್ಪು ಬಣ್ಣ. ಅದಕ್ಕೆ ಅಂಟಿಕೊಂಡ ಪುಂಡಿ ನಾರಿನ ಕುಂಚ, ನನ್ನ ಕಿರುಬೆರಳಿಗಿಂತ ಸಣ್ಣದು. ‘ಹೋದ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆದಿಟ್ಟಿದ್ದು. ತೊಳೆಯೋಕೆ ಮನಸ್ಸು ಬರಲಿಲ್ಲ’ ಅಂದರು. ಭೂಮಿ ಪೂಜೆಗೆ ಗದ್ದೆಗೆ ಒಯ್ಯುವ ಚಿತ್ತಾರದ ಬುಟ್ಟಿ ಅದು. ಕಪ್ಪು ಹೇಗೆ ಮಾಡುತ್ತಿದ್ದರು ಅಂತ ಕೇಳಿದೆ. ‘ಅಕ್ಕಿ ಹುರೀಬೇಕು. ಹೊಗೆ ಬಂತು ಅಂತ ಇಳಿಸಿದರೆ ಬೈತಿದ್ರು. ಒಂದು ಕಾಳು ತೆಗೆದು ಉಗುರಲ್ಲಿ ಒಡೆದು ನೋಡೋರು. ಒಳಗೂ ಕಪ್ಪಾಗಿದ್ರೆ ಮಾತ್ರ ಅರೆಯೋಕೆ ಬಿಡ್ತಿದ್ರು.’ ಬಿಳಿಗೆ ನೆನೆಸಿ ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಕೆಮ್ಮಣ್ಣು. ಎಲ್ಲ ಬರೆದುಕೊಂಡೆ. ಆ ಅಕ್ಕಿ ಕಾಳು ಒಡೆದು ನೋಡುವುದನ್ನು ಓದಿದರೆ ಸಾಕು, ಆ ಅಜ್ಜಿಯನ್ನು ನೋಡದವರಿಗೂ ಅವರು ಎಂಥವರು ಅಂತ ಗೊತ್ತಾಗುತ್ತದೆ, ಅಲ್ವಾ?

ಅವರು ಹೇಳುತ್ತಿದ್ದ ಮದುವೆ ಹಾಡುಗಳು ಸೊಸೆಗೆ ಬರುತ್ತವೆ. ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆವು. ನೀವೂ ಮಾಡಿಕೊಳ್ಳಿ, ಆದರೆ ಕೇಳಿ ಮಾಡಿ, ಮೊಬೈಲನ್ನು ಕಾಣುವ ಹಾಗೆ ಇಡಿ. ರೆಕಾರ್ಡ್ ಮಾಡುವ ಮುಂಚೆ ಯಾರು ಹೇಳುತ್ತಿರುವುದು, ಯಾರ ಬಗ್ಗೆ, ಇವತ್ತು ಎಷ್ಟು ತಾರೀಕು ಅಂತ ನಿಮ್ಮ ದನಿಯಲ್ಲೇ ಹೇಳಿ. ಇಲ್ಲದಿದ್ದರೆ ಎರಡು ವರ್ಷದ ನಂತರ ಯಾವ ಫೈಲ್ ಯಾರದ್ದು ಅಂತ ತಿಳಿಯುವುದಿಲ್ಲ.

ಇಸವಿ ಕೇಳಿದರೆ ಹಳಬರಿಗೆ ಬರುವುದಿಲ್ಲ. ಘಟನೆ ಹಿಡಿದು ಕೇಳಿ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವುದು ಮುಳುಗಡೆ. ‘ಮುಳುಗಡೆ ಆದಾಗ ನಾನು ತೊಟ್ಟಿಲಲ್ಲಿದ್ದೆ ಅಂತಿದ್ರು’ ಅಂದರೆ ಲಿಂಗನಮಕ್ಕಿ ಆಣೆಕಟ್ಟಿನ ನೀರಲ್ಲಿ ಊರುಗಳು ಮುಳುಗಿದ ಕಾಲ, 1964ರ ಆಚೀಚೆ. ಗೇಣಿದಾರರ ಕಾಗೋಡು ಚಳವಳಿ 1951. ಮಂಗನ ಕಾಯಿಲೆ ಸೊರಬದ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾಗಿದ್ದು 1957. ‘ಗೇಣಿ ಜಮೀನು ನಮ್ಮದಾದ ಮೇಲೆ’ ಅಂದರೆ 1974ರ ಭೂಸುಧಾರಣೆ ಕಾನೂನಿನ ನಂತರ. ನಾಳೆ ನಮ್ಮ ಮಕ್ಕಳು ‘ಲಾಂಚ್ ಇದ್ದಾಗ’ ಅನ್ನುತ್ತಾರೆ, ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಜಾಗದಲ್ಲಿ ಸಿಗಂದೂರು ಸೇತುವೆ ಆಗಿದ್ದು 2025ರ ಜುಲೈನಲ್ಲಿ. ನಿಮ್ಮ ಊರಿಗೆ ನಿಮ್ಮದೇ ಗುರುತು ಇರುತ್ತದೆ. ಬರ, ಪ್ಲೇಗು, ಕರೆಂಟ್ ಬಂದದ್ದು, ಮೊದಲ ಬಸ್ಸು. ಅದರ ಒಂದು ಪಟ್ಟಿ ಮಾಡಿ ರಿಜಿಸ್ಟರಿನ ಒಳರಟ್ಟಿಗೆ ಅಂಟಿಸಿ. ಆಧಾರ್ ಕಾರ್ಡಲ್ಲಿ ಹುಟ್ಟಿದ ದಿನ ಜನವರಿ 1 ಅಂತಿದ್ದರೆ ಅದನ್ನೇ ಬರೆಯಬೇಡಿ. ವಯಸ್ಸು ಅಂದಾಜು ಹೇಳಿದವರಿಗೆಲ್ಲ ಅದೇ ದಿನ ಬಂದಿರುತ್ತದೆ.

ಇನ್ನು ಬರೆಯುವ ಮಾತು. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಒಂದೇ ವರ್ಷ ಇಬ್ಬರು ಹಿರಿಯರು ಹೋದರು. ಒಬ್ಬರು ತೋಟದ ಯಜಮಾನರು. ಇನ್ನೊಬ್ಬರು ಅವರ ತೋಟಕ್ಕೂ ಸುತ್ತಲಿನ ತೋಟಗಳಿಗೂ ಕೊನೆಗೌಡರು. ಅಡಿಕೆ ಕೊನೆ ಇಳಿಸುವುದು, ಮಳೆಗಾಲದಲ್ಲಿ ಕೊಳೆ ರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣದ ಔಷಧಿ ಹೊಡೆಯುವುದು ಅವರ ಕೆಲಸ. ಒಂದು ಮರ ಹತ್ತಿದರೆ ಇಳಿಯದೇ, ಮರ ಬಗ್ಗಿಸಿ ಪಕ್ಕದ ಮರ ಹಿಡಿದು, ಹಾಗೇ ಸಾಲು ಮುಗಿಸುತ್ತಿದ್ದರು. ಇಬ್ಬರ ಬಗ್ಗೆಯೂ ಪ್ರೀತಿಯಿಂದಲೇ ಬರೆದೆ. ಗ್ರಂಥಾಲಯಕ್ಕೆ ಬರುವ ಏಳನೇ ಕ್ಲಾಸಿನ ಹುಡುಗಿ, ಕೊನೆಗೌಡರ ಮೊಮ್ಮಗಳು, ಎರಡೂ ಓದಿ ನನ್ನ ಹತ್ತಿರ ಬಂದಳು. ‘ಅಕ್ಕ, ಅವರಿಗೆ ಬಂದರು, ಹೋದರು ಅಂತ ಬರ್ದಿದೀರಿ. ನಮ್ಮಜ್ಜಂಗೆ ಯಾಕೆ ಬಂದ, ಹೋದ?’

ನನಗೆ ಗೊತ್ತೇ ಇರಲಿಲ್ಲ ಹಾಗೆ ಬರೆದದ್ದು. ಚಿಕ್ಕಂದಿನಿಂದ ಕೇಳಿದ ಮಾತು ಹಾಗೇ ಕೈಗೆ ಬಂದುಬಿಟ್ಟಿತ್ತು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಆ ಪುಟಗಳನ್ನು ಪೂರ್ತಿ ತೆಗೆದು ಹೊಸದಾಗಿ ಬರೆದೆ, ಆ ಹುಡುಗಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು. ಈಗ ನಮ್ಮ ಪುಸ್ತಕದಲ್ಲಿ ಎಲ್ಲರಿಗೂ ಬಹುವಚನ. ಕೂಲಿಯವರಿಗೂ, ಮಠದ ಹತ್ತಿರ ಮಲಗುತ್ತಿದ್ದ ಅನಾಥ ಅಜ್ಜನಿಗೂ. ಯಾರೋ ಆಡಿದ ಮಾತನ್ನು ಹಾಗೇ ಬರೆಯುವಾಗ ಬಿಟ್ಟರೆ ಬೇರೆ ಎಲ್ಲೂ ಏಕವಚನ ಇಲ್ಲ. ಬರೆದ ಮೇಲೆ ಒಂದು ಸಲ ಕ್ರಿಯಾಪದಗಳನ್ನು ಮಾತ್ರ ನೋಡುತ್ತಾ ಬನ್ನಿ. ನಿಮ್ಮ ಕಣ್ಣಿಗೂ ಏನಾದರೂ ಬೀಳುತ್ತದೆ.

ಹೆಂಗಸರ ಹೆಸರಿನ ವಿಷಯದಲ್ಲೂ ಹಾಗೇ. ‘ಮೇಲಿನಮನೆ ಅಮ್ಮ’, ‘ಇಂಥವರ ಹೆಂಡತಿ’ ಅಂತಲೇ ಎಂಬತ್ತು ವರ್ಷ ಬದುಕಿದವರಿದ್ದಾರೆ. ಒಂದು ಮನೆಯಲ್ಲಿ ಮೊಮ್ಮಕ್ಕಳು ಅಜ್ಜಿ ಹೆಸರು ಹೇಳಲಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಯಲ್ಲಿ ಹೆಸರು ಬದಲಾಗಿದ್ದರೆ ಎರಡನ್ನೂ ಬರೆಯಿರಿ. ತವರು ಯಾವುದು, ತವರಲ್ಲಿ ಏನಂತ ಕರೆಯುತ್ತಿದ್ದರು ಅಂತ ತಂಗಿಯೋ ತಮ್ಮನೋ ಇದ್ದರೆ ಫೋನ್ ಮಾಡಿ ಕೇಳಿ.

ಬಿಡಬೇಕಾದದ್ದೂ ಇದೆ. ಕಾಯಿಲೆಯ ವಿವರ, ಆಸ್ಪತ್ರೆ ಖರ್ಚು, ಪಾಲಿನ ಜಗಳ, ಸಾಲ ಇವು ಬೇಡ. ತಾವೇ ಜೀವ ಕಳೆದುಕೊಂಡವರ ಬಗ್ಗೆ ಊರು ಆ ಒಂದು ದಿನದ ಮಾತನ್ನೇ ಆಡುತ್ತಿರುತ್ತದೆ. ನಾವು ಅವರ ಉಳಿದ ಎಲ್ಲ ದಿನಗಳನ್ನು ಬರೆಯುತ್ತೇವೆ. ಮುಂಗೋಪವನ್ನು ಮಾತ್ರ ಮುಚ್ಚಿಡಬೇಡಿ, ಮನೆಯವರು ಒಪ್ಪಿದರೆ. ಕೋಪ ಇಲ್ಲದೆ ಕೆಲವರ ಗುರುತೇ ಸಿಗುವುದಿಲ್ಲ. ಬರೆದದ್ದನ್ನು ಮನೆಗೆ ಹೋಗಿ ಗಟ್ಟಿಯಾಗಿ ಓದಿ ಹೇಳಿ. ಅವರು ಬೇಡ ಅಂದ ಸಾಲನ್ನು ಕಾರಣ ಕೇಳದೆ ತೆಗೆಯಿರಿ. ನಂತರವೇ ರಿಜಿಸ್ಟರಿಗೆ ಇಳಿಸಿ.

ಫೋಟೋವನ್ನು ಮನೆಯಿಂದ ಹೊರಗೆ ಒಯ್ಯಬೇಡಿ. ಒಂದು ಸಲ ದೊಡ್ಡದು ಮಾಡಿಸಲು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟಿದ್ದೆ, ಅದು ಕಳೆದುಹೋಯಿತು. ಆ ಮನೆಯಲ್ಲಿ ಇದ್ದದ್ದು ಅದೊಂದೇ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು. ಈಗ ಜಗುಲಿಯ ಬೆಳಕಲ್ಲಿ, ಬಿಸಿಲು ನೇರ ಬೀಳದ ಕಡೆ ಇಟ್ಟು, ಫ್ಲ್ಯಾಶ್ ಇಲ್ಲದೆ ಮೊಬೈಲಲ್ಲೇ ತೆಗೆದುಕೊಳ್ಳುತ್ತೇನೆ. ಗಾಜಿನ ಚೌಕಟ್ಟಾದರೆ ಸ್ವಲ್ಪ ವಾರೆ ನಿಂತು ತೆಗೆಯಿರಿ, ಹೊಳಪು ಬೀಳುವುದಿಲ್ಲ. ಫೋಟೋ ಸಿಗದಿದ್ದರೆ ಕೈಯಲ್ಲಿ ಹಿಡಿಯುತ್ತಿದ್ದ ವಸ್ತುವಿನ ಚಿತ್ರ ಹಾಕಿ. ಕೊನೆಗೌಡರ ಪುಟದಲ್ಲಿ ಇರುವುದು ಅವರ ತಳೆ, ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಕುಣಿಕೆ, ಹತ್ತಿ ಹತ್ತಿ ಒಂದು ಕಡೆ ನುಣುಪಾದದ್ದು.

ಮಲೆನಾಡಿನ ಮಳೆಗೆ ಪುಸ್ತಕ ಉಳಿಯುವುದು ಕಷ್ಟ. ಇಂಕ್ ಪೆನ್ ಬೇಡ, ಥಂಡಿಗೆ ಹರಡುತ್ತದೆ. ಮೈದಾ ಅಂಟು ಹಾಕಿದರೆ ಹುಳ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬಿಸಿಲು ಬಂದ ದಿನ ತೆಗೆದು ಪುಟ ಬಿಡಿಸಿಡುತ್ತೇನೆ. ಎಲ್ಲ ಪುಟಗಳ ಫೋಟೋ ಪಂಚಾಯಿತಿ ಕಂಪ್ಯೂಟರಿನಲ್ಲೂ ಒಂದು ಪೆನ್‌ಡ್ರೈವ್‌ನಲ್ಲೂ ಇವೆ.

ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಓದುತ್ತೇವೆ. ಮೊದಲು ಮಹಾಲಯ ಅಮಾವಾಸ್ಯೆಗೆ ಅಂತಿತ್ತು. ಸಾಬರ ಮನೆಯವರು, ಕ್ರೈಸ್ತರ ಮನೆಯವರು ಬರಲು ಹಿಂದೆಮುಂದೆ ನೋಡಿದರು. ಹಾಗಾಗಿ ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹದಲ್ಲಿ ಒಂದು ಸಂಜೆ ಇಟ್ಟುಕೊಂಡೆವು. ಅಡಿಕೆ ಸುಲಿಯುವ ಕಾಲ, ಆದ್ದರಿಂದ ಏಳು ಗಂಟೆಗೆ ಶುರು ಮಾಡಿ ಎಂಟೂವರೆಗೆ ಮುಗಿಸುತ್ತೇವೆ. ಭಾಷಣ ಇಲ್ಲ, ಹಾರ ಇಲ್ಲ. ಆ ವರ್ಷ ಹೋದವರ ಪುಟಗಳನ್ನು ಶಾಲೆ ಮಕ್ಕಳು ಓದುತ್ತಾರೆ. ಆಮೇಲೆ ಚಹಾ, ಮಂಡಕ್ಕಿ.

ನಾಲ್ಕು ಪುಟದಲ್ಲಿ ಎರಡನ್ನು ಮಾತ್ರ ತುಂಬಿ. ಉಳಿದ ಎರಡು ಖಾಲಿ ಇರಲಿ, ಪಕ್ಕದಲ್ಲಿ ದಾರ ಕಟ್ಟಿದ ಒಂದು ಬಾಲ್ ಪೆನ್ ಇರಲಿ. ಪೇಪರ್ ಓದಲು ಬಂದವರು ಬರೆಯುತ್ತಾರೆ. ಹೋದ ತಿಂಗಳು ಚಿತ್ತಾರದ ಅಜ್ಜಿಯ ಖಾಲಿ ಪುಟದಲ್ಲಿ ಯಾರೋ ಹೀಗೆ ಬರೆದಿದ್ದರು: ‘ನಮ್ಮ ಮದುವೆಗೂ ಇವರೇ ಬರೆದದ್ದು. ಗೋಡೆ ಬಿದ್ದಿದೆ. ಆ ಜಾಗದಲ್ಲಿ ಈಗ ಬಚ್ಚಲು.’ ಕೆಳಗೆ ಹೆಸರು, ತಾರೀಕು ಹಾಕಿಸಲು ಹೇಳಬೇಕಿತ್ತು. ಈಗ ಪ್ರತಿ ಖಾಲಿ ಪುಟದ ಮೇಲೂ ಅದನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.